ಲಾಗ್ರಾಂಜಿಯನ್ ಬಲವಿಜ್ಞಾನ

ಲಾಗ್ರಾಂಜಿಯನ್ ಬಲವಿಜ್ಞಾನವು ಅಭಿಜಾತ ಭೌತಶಾಸ್ತ್ರದಲ್ಲಿ ಕಾಯಗಳ ಚಲನೆಯನ್ನು ಬಲಗಳ ಬದಲು ಶಕ್ತಿಯ ಮೂಲಕ ವಿವರಿಸುವ ಪದ್ಧತಿ. ಇಂದಿನ ಇಟಲಿಯ ಟ್ಯೂರಿನ್‌ನಲ್ಲಿ ಜನಿಸಿದ ಗಣಿತಜ್ಞ ಜೋಸೆಫ್ ಲೂಯಿ ಲಾಗ್ರಾಂಜ್ (1736–1813) ಇದನ್ನು 1788ರಲ್ಲಿ ಪ್ರಕಟವಾದ 'ಮೆಕಾನಿಕ್ ಅನಲಿಟಿಕ್' ಎಂಬ ಫ್ರೆಂಚ್ ಗ್ರಂಥದಲ್ಲಿ ಕ್ರಮಬದ್ಧವಾಗಿ ನಿರೂಪಿಸಿದರು. ಯಾವ ನಿರ್ದೇಶಾಂಕಗಳನ್ನು ಆರಿಸಿಕೊಂಡರೂ ಚಲನೆಯ ಸಮೀಕರಣದ ರೂಪ ಬದಲಾಗದಿರುವುದು ಈ ಪದ್ಧತಿಯ ಮುಖ್ಯ ಲಕ್ಷಣ.

ಮೂಲ ಸಮೀಕರಣ

ವ್ಯವಸ್ಥೆಯ ಚಲನಶಕ್ತಿಯಿಂದ ಪ್ರಚ್ಛನ್ನ ಶಕ್ತಿಯನ್ನು ಕಳೆದಾಗ ದೊರೆಯುವ ಪರಿಮಾಣವೇ ಲಾಗ್ರಾಂಜಿಯನ್. ವ್ಯವಸ್ಥೆಯ ಸ್ಥಾನವನ್ನು ಪೂರ್ಣವಾಗಿ ಸೂಚಿಸಬಲ್ಲ ದೂರ, ಕೋನ ಮೊದಲಾದ ಅಳತೆಗಳನ್ನು ಸಾಮಾನ್ಯೀಕೃತ ನಿರ್ದೇಶಾಂಕಗಳೆನ್ನುತ್ತಾರೆ. ಲಾಗ್ರಾಂಜಿಯನ್ ಅನ್ನು ಒಂದು ನಿರ್ದೇಶಾಂಕದ ವೇಗದ ದೃಷ್ಟಿಯಿಂದ ಆಂಶಿಕವಾಗಿ ಅವಕಲಿಸಿದಾಗ ಬರುವ ಪರಿಮಾಣಕ್ಕೆ ಆ ನಿರ್ದೇಶಾಂಕದ ಸಂವೇಗವೆಂದು ಹೆಸರು. ಈ ಸಂವೇಗವು ಕಾಲದೊಡನೆ ಬದಲಾಗುವ ದರವು, ಲಾಗ್ರಾಂಜಿಯನ್ ಅನ್ನು ಅದೇ ನಿರ್ದೇಶಾಂಕದ ದೃಷ್ಟಿಯಿಂದ ಅವಕಲಿಸಿದ ಫಲಕ್ಕೆ ಸಮವಾಗಿರುತ್ತದೆ. ಇದೇ ಆಯ್ಲರ್–ಲಾಗ್ರಾಂಜ್ ಸಮೀಕರಣ. ಘರ್ಷಣೆಯಿದ್ದಲ್ಲಿ ಇದಕ್ಕೆ ಹೆಚ್ಚುವರಿ ಪದವೊಂದನ್ನು ಸೇರಿಸಬೇಕಾಗುತ್ತದೆ.

ರೂಪ ಬದಲಾಗದಿರಲು ಕಾರಣ

ನ್ಯೂಟನ್ನರ ಎರಡನೆಯ ನಿಯಮವನ್ನು ಕಾರ್ಟೀಸಿಯನ್ ನಿರ್ದೇಶಾಂಕಗಳಿಂದ ಧ್ರುವೀಯ ನಿರ್ದೇಶಾಂಕಗಳಿಗೆ ಬದಲಾಯಿಸಿದಾಗ ವೇಗೋತ್ಕರ್ಷದಲ್ಲಿ ಹೊಸ ಪದಗಳು ಕಾಣಿಸಿಕೊಳ್ಳುತ್ತವೆ. ಲಾಗ್ರಾಂಜ್ ಪದ್ಧತಿಯಲ್ಲಿ ಚಲನಶಕ್ತಿಯನ್ನು ಹೊಸ ನಿರ್ದೇಶಾಂಕಗಳಲ್ಲಿ ಬರೆದರೆ ಸಾಕು, ಆ ಪದಗಳು ತಾವಾಗಿಯೇ ದೊರೆಯುತ್ತವೆ. ಇದರ ಕಾರಣವನ್ನು ವಿಲಿಯಂ ರೋವನ್ ಹ್ಯಾಮಿಲ್ಟನ್ 1834–35ರಲ್ಲಿ ಮಂಡಿಸಿದ ತತ್ತ್ವವು ಸ್ಪಷ್ಟಪಡಿಸುತ್ತದೆ. ಒಂದು ಪಥದುದ್ದಕ್ಕೂ ಲಾಗ್ರಾಂಜಿಯನ್ನಿನ ಕಾಲಾನುಕಲನವನ್ನು 'ಕ್ರಿಯೆ' ಎನ್ನುತ್ತಾರೆ. ನಿಜವಾದ ಪಥವನ್ನು ತುಸುವೇ ಬದಲಿಸಿದಾಗ ಕ್ರಿಯೆಯಲ್ಲಿ ಮೊದಲ ಕ್ರಮದ ವ್ಯತ್ಯಾಸ ಉಂಟಾಗುವುದಿಲ್ಲ. ಕ್ರಿಯೆಯು ಪಥಕ್ಕೆ ಸೇರಿದ ಒಂದು ಸಂಖ್ಯೆ. ಪಥದ ಬಿಂದುಗಳನ್ನು ಯಾವ ಅಳತೆಯಿಂದ ಗುರುತಿಸಿದರೂ ಆ ಸಂಖ್ಯೆ ಅದೇ ಆಗಿರುತ್ತದೆ.

ಉದಾಹರಣೆ: ಸರಳ ಲೋಲಕ

ಕಾರ್ಟೀಸಿಯನ್ ನಿರ್ದೇಶಾಂಕಗಳಲ್ಲಿ ಲೋಲಕದ ಚಲನೆಯನ್ನು ತಿಳಿಯಲು ಎರಡು ಸಮೀಕರಣಗಳ ಜೊತೆಗೆ ದಾರದ ಎಳೆತವೂ ಬೇಕು. ಲಂಬರೇಖೆಯಿಂದ ದಾರ ಓರೆಯಾದ ಕೋನವನ್ನೇ ನಿರ್ದೇಶಾಂಕವಾಗಿ ತೆಗೆದುಕೊಂಡರೆ ಎಳೆತದ ಮಾತೇ ಬರುವುದಿಲ್ಲ. ಒಂದೇ ಸಮೀಕರಣ ಉಳಿಯುತ್ತದೆ: ಕೋನೀಯ ವೇಗೋತ್ಕರ್ಷವು ಗುರುತ್ವ ವೇಗೋತ್ಕರ್ಷವನ್ನು ದಾರದ ಉದ್ದದಿಂದ ಭಾಗಿಸಿ, ಕೋನದ ಸೈನ್‌ನಿಂದ ಗುಣಿಸಿದಷ್ಟಿದ್ದು, ಓರೆಯ ವಿರುದ್ಧ ದಿಕ್ಕಿನಲ್ಲಿರುತ್ತದೆ. ಗುಂಡಿನ ದ್ರವ್ಯರಾಶಿ ಇದರಲ್ಲಿ ಇರುವುದಿಲ್ಲ.

ಸಮ್ಮಿತಿಯೊಡನೆ ವ್ಯತ್ಯಾಸ

ಸಮೀಕರಣದ ರೂಪ ಬದಲಾಗದಿರುವುದನ್ನು ಸಮ್ಮಿತಿಯೆಂದು ಭಾವಿಸಬಾರದು. ಮೊದಲನೆಯದು ಲೋಲಕಕ್ಕೂ ಗ್ರಹಕ್ಕೂ ಸಮಾನವಾಗಿ ಅನ್ವಯಿಸುತ್ತದೆ. ಸಮ್ಮಿತಿಯು ಆಯಾ ವ್ಯವಸ್ಥೆಯ ಗುಣ. ಸೂರ್ಯನನ್ನು ಸುತ್ತುವ ಗ್ರಹದ ಲಾಗ್ರಾಂಜಿಯನ್ನಿನಲ್ಲಿ ಕೋನದ ವೇಗವಿದ್ದರೂ ಕೋನವಿಲ್ಲ, ಆದ್ದರಿಂದ ಕೋನೀಯ ಸಂವೇಗ ಸ್ಥಿರವಾಗಿರುತ್ತದೆ. ಲೋಲಕದ ಲಾಗ್ರಾಂಜಿಯನ್ನಿನಲ್ಲಿ ಕೋನವೂ ಇರುವುದರಿಂದ ಅಲ್ಲಿ ಕೋನೀಯ ಸಂವೇಗ ಸ್ಥಿರವಲ್ಲ. ಅವಿಚ್ಛಿನ್ನ ಸಮ್ಮಿತಿಗೂ ಸಂರಕ್ಷಣಾ ನಿಯಮಕ್ಕೂ ಇರುವ ಈ ಸಂಬಂಧದ ಸಾಮಾನ್ಯ ಪ್ರಮೇಯವನ್ನು ಎಮ್ಮಿ ನೋಯ್ಥರ್ 1918ರಲ್ಲಿ ಪ್ರಕಟಿಸಿದರು.