ರಕ್ಷಣೆಯ ನಿಶ್ಚಯ

ಸತ್ತ ಬಳಿಕ ತಾನು ಪರಲೋಕವನ್ನು ಸೇರುವೆನೆ ಎಂಬುದು ಕ್ರೈಸ್ತ ಭಕ್ತನ ಮನಸ್ಸಿನಲ್ಲಿ ಎಂದಾದರೊಂದು ದಿನ ಏಳುವ ಪ್ರಶ್ನೆ. ಅದರ ಒಡಲಲ್ಲಿ ಇನ್ನೊಂದು ಪ್ರಶ್ನೆಯೂ ಅಡಗಿದೆ: ಸೇರುವೆನೆಂಬುದನ್ನು ಈ ದೇಹದಲ್ಲಿರುವಾಗಲೇ ತಿಳಿಯಬಹುದೆ? ತಿಳಿಯಬಹುದೆಂದು ಕೆಲವರೂ, ಹಾರೈಸಬಹುದೇ ಹೊರತು ತಿಳಿದೆನೆಂದು ಹೇಳಲಾಗದೆಂದು ಕೆಲವರೂ ಶತಮಾನಗಳಿಂದ ವಾದಿಸುತ್ತ ಬಂದಿದ್ದಾರೆ. ಈ ತತ್ತ್ವಕ್ಕೆ ರಕ್ಷಣೆಯ ನಿಶ್ಚಯವೆಂದು ಹೆಸರು. ಆ ಮತಕ್ಕೆ ಸೇರದ ಶ್ರೋತೃಗಳಿಗೂ ಅದರ ಸ್ವರೂಪವು ವಿಶದವಾಗುವಂತೆ ತಿಳಿಸುವುದು ಈ ಭಾಷಣದ ಉದ್ದೇಶ.

ಮೊದಲು ರಕ್ಷಣೆಯೆಂದರೇನು? ಮನುಷ್ಯನು ಪಾಪದಿಂದ ದೇವರಿಗೆ ದೂರವಾಗಿದ್ದಾನೆ. ಆ ಅಂತರವನ್ನು ತನ್ನ ಶಕ್ತಿಯಿಂದ ದಾಟಲಾರನು. ಯೇಸುಕ್ರಿಸ್ತನು ಶಿಲುಬೆಯಲ್ಲಿ ಪ್ರಾಣವನ್ನರ್ಪಿಸಿ ಮೂರನೆಯ ದಿನ ಎದ್ದುದರಿಂದ ದಾರಿ ತೆರೆಯಿತು. ಇಷ್ಟರಲ್ಲಿ ಕ್ರೈಸ್ತರೆಲ್ಲರಿಗೂ ಏಕಮತ್ಯವುಂಟು. ಕ್ರಿಸ್ತನು ಲೋಕರಕ್ಷಕನೆಂದು ನಂಬುವುದು ಒಂದು ಮಾತು. ಆತನು ನನ್ನನ್ನು ರಕ್ಷಿಸಿದ್ದಾನೆಂದು ಅರಿಯುವುದು ಇನ್ನೊಂದು ಮಾತು. ಭೇದವೆಲ್ಲ ಇಲ್ಲಿಂದ ಮುಂದೆ.

ಈ ಪ್ರಶ್ನೆ ಎಷ್ಟು ಇಕ್ಕಟ್ಟಿನದೆಂಬುದಕ್ಕೆ 1431ರಲ್ಲಿ ಫ್ರಾನ್ಸಿನ ರೂಆನ್ ನಗರದಲ್ಲಿ ನಡೆದ ವಿಚಾರಣೆಯೇ ಸಾಕ್ಷಿ. ಸುಮಾರು ಹತ್ತೊಂಬತ್ತು ವಯಸ್ಸಿನ ಜೋನ್ ಆಫ್ ಆರ್ಕ್‌ಳನ್ನು ನ್ಯಾಯಾಧಿಪತಿಗಳು, ನೀನು ದೇವರ ಕೃಪೆಯಲ್ಲಿರುವೆಯೋ ಎಂದು ಕೇಳಿದರು. ಇರುವೆನೆಂದರೆ ಅಹಂಕಾರ, ಇಲ್ಲವೆಂದರೆ ತಪ್ಪೊಪ್ಪಿಗೆ. ಆಕೆಯಾದರೋ, ಇಲ್ಲದಿದ್ದರೆ ದೇವರು ತನ್ನನ್ನು ಅದರಲ್ಲಿರಿಸಲಿ, ಇದ್ದರೆ ಅದರಲ್ಲಿಯೇ ಉಳಿಸಲಿ ಎಂಬರ್ಥದ ಉತ್ತರವನ್ನಿತ್ತಳು. ಅಂದಿನ ಧರ್ಮಸಭೆಯ ಬೋಧೆಗೆ ಈ ಉತ್ತರವು ಪೂರ್ತಿಯಾಗಿ ಒಪ್ಪುವಂಥದು.

ಮುಂದಿನ ಶತಮಾನದಲ್ಲಿ ಜರ್ಮನಿಯ ಸಂನ್ಯಾಸಿ ಮಾರ್ಟಿನ್ ಲೂಥರನಿಗೆ ಇಂತಹ ಉತ್ತರದಿಂದ ನೆಮ್ಮದಿಯಾಗಲಿಲ್ಲ. ಉಪವಾಸ, ಜಾಗರಣೆ, ತಾಸುಗಟ್ಟಲೆ ಪಾಪನಿವೇದನೆ, ಇವೆಲ್ಲವನ್ನೂ ಮಾಡಿದ ಮೇಲೆಯೂ, ಮಾಡಿದುದು ಸಾಕಾಯಿತೆ ಎಂಬ ಶಂಕೆ ಅವನನ್ನು ಬಿಡಲಿಲ್ಲ. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯನ್ನು ಮನನ ಮಾಡುತ್ತ, ನೀತಿಯು ಮನುಷ್ಯನು ಗಳಿಸುವ ವಸ್ತುವಲ್ಲ, ನಂಬಿದವನಿಗೆ ದೇವರು ಕೊಡುವ ದಾನವೆಂದು ಅವನು ಕಂಡುಕೊಂಡನು. ದಾನವಾದ ಮೇಲೆ ಅದರ ಭರವಸೆ ಪಡೆದವನ ಯೋಗ್ಯತೆಯ ಮೇಲಲ್ಲ, ಕೊಟ್ಟವನ ವಾಕ್ಕಿನ ಮೇಲೆ ನಿಂತಿರುತ್ತದೆ. ಪ್ರಾಟೆಸ್ಟೆಂಟರ ನಿಶ್ಚಯತತ್ತ್ವದ ಬೇರು ಇದೇ.

ಇದಕ್ಕೆ ಪ್ರತಿಯಾಗಿ ಕ್ಯಾಥೊಲಿಕ್ ಧರ್ಮಸಭೆಯು ಟ್ರೆಂಟ್ ನಗರದ ಮಹಾಸಭೆಯಲ್ಲಿ, 1547ರ ಜನವರಿಯಲ್ಲಿ, ತನ್ನ ನಿರ್ಣಯವನ್ನು ಪ್ರಕಟಿಸಿತು. ದೇವರ ಕರುಣೆಯನ್ನೂ ಕ್ರಿಸ್ತನ ಪುಣ್ಯವನ್ನೂ ಯಾರೂ ಸಂದೇಹಿಸಲಾಗದು. ಆದರೆ ತನ್ನ ದೌರ್ಬಲ್ಯವನ್ನು ನೋಡಿಕೊಂಡವನು, ತಾನು ಕೃಪೆಯನ್ನು ಪಡೆದಿದ್ದೇನೆಂದು ತಪ್ಪಿಲ್ಲದ ನಿಶ್ಚಯದಿಂದ ಹೇಳಲಾರನು ಎಂಬುದು ಅದರ ತಾತ್ಪರ್ಯ. ಇಲ್ಲಿ ನಿರಾಶೆಗೆ ಎಡೆಯಿಲ್ಲ. ನಿಶ್ಚಯದ ಸ್ಥಾನದಲ್ಲಿ ದೃಢವಾದ ನಿರೀಕ್ಷೆಯುಂಟು.

ನಿಶ್ಚಯವೆಂಬುದು ಒಬ್ಬನ ಬಾಳಿನಲ್ಲಿ ಹೇಗೆ ಕೆಲಸಮಾಡಿತೆಂಬುದಕ್ಕೆ ಜಾನ್ ವೆಸ್ಲಿಯ ಚರಿತ್ರೆಗಿಂತ ಸ್ಪಷ್ಟವಾದ ಉದಾಹರಣೆ ವಿರಳ. 1703ರಲ್ಲಿ ಇಂಗ್ಲೆಂಡಿನ ಪಾದ್ರಿಯೊಬ್ಬರ ಮನೆಯಲ್ಲಿ ಹುಟ್ಟಿದ ಈತನು ಆಕ್ಸ್‌ಫರ್ಡಿನಲ್ಲಿ ಓದಿ ತಾನೂ ಪಾದ್ರಿಯಾದನು. ಸೆರೆಮನೆಗೆ ಹೋಗಿ ಕೈದಿಗಳನ್ನು ಸಂತೈಸಿದನು, ಬಡವರಿಗೆ ನೆರವಾದನು. 1735ರಲ್ಲಿ ಅಮೆರಿಕದ ಜಾರ್ಜಿಯಕ್ಕೆ ಹಡಗನ್ನೇರಿದನು. ನಡುಗಡಲಲ್ಲಿ ಬಿರುಗಾಳಿ ಬೀಸಿ ಮುಖ್ಯವಾದ ಹಾಯಿ ಹರಿಯಿತು. ಇತರರು ಭಯದಿಂದ ಕೂಗಾಡುತ್ತಿರಲು, ಮೊರೇವಿಯನ್ ಪಂಗಡದ ಜರ್ಮನರು ತಮ್ಮ ಕೀರ್ತನೆಯನ್ನು ನಿಲ್ಲಿಸದೆ ಹಾಡುತ್ತಿದ್ದರು. ಅವರ ಹೆಂಗಸರಿಗೂ ಮಕ್ಕಳಿಗೂ ಸಾವಿನ ಭಯವಿಲ್ಲವೆಂದು ಕೇಳಿ ವೆಸ್ಲಿ ಬೆರಗಾದನು. ಕರೆಗಿಳಿದ ಮೇಲೆ ಅವರ ಮುಖಂಡರಲ್ಲೊಬ್ಬನು, ಕ್ರಿಸ್ತನು ನಿನ್ನನ್ನು ರಕ್ಷಿಸಿರುವನೆಂದು ಬಲ್ಲೆಯಾ ಎಂದು ಕೇಳಿದಾಗ, ಆ ವಿದ್ವಾಂಸನು ತಡವರಿಸಬೇಕಾಯಿತು.

ಸ್ವದೇಶಕ್ಕೆ ಮರಳಿದ ವೆಸ್ಲಿ 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಸಣ್ಣದೊಂದು ಕೂಟಕ್ಕೆ ಮನಸ್ಸಿಲ್ಲದೆ ಹೋದನು. ರೋಮಾಪುರದ ಪತ್ರಿಕೆಗೆ ಲೂಥರನು ಬರೆದ ಮುನ್ನುಡಿಯನ್ನು ಅಲ್ಲಿ ಯಾರೋ ಓದುತ್ತಿದ್ದರು. ಕೇಳುತ್ತಿದ್ದಂತೆ ತನ್ನ ಹೃದಯ ಬೆಚ್ಚಗಾಯಿತೆಂದೂ, ತನ್ನ ಪಾಪಗಳನ್ನೇ ಕ್ರಿಸ್ತನು ತೆಗೆದುಹಾಕಿದನೆಂಬ ನಿಶ್ಚಯ ಮೂಡಿತೆಂದೂ ಅವನು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಆ ಬಳಿಕ 1791ರಲ್ಲಿ ತೀರಿಕೊಳ್ಳುವವರೆಗೆ ಬಯಲಿನಲ್ಲಿಯೂ ಗಣಿಗಳ ಬಳಿಯಲ್ಲಿಯೂ ನಿಂತು ಸಾಮಾನ್ಯ ಜನರಿಗೆ ಬೋಧಿಸಿದನು. ಅವನ ಅನುಯಾಯಿಗಳೇ ಮೆಥಡಿಸ್ಟರು. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸೀಮೆಯಲ್ಲಿ ಶಾಲೆಗಳನ್ನೂ ಮುದ್ರಣಾಲಯವನ್ನೂ ನಡೆಸಿದ ವೆಸ್ಲಿಯನ್ ಮಿಷನ್ನಿನವರು ಈ ಪರಂಪರೆಗೆ ಸೇರಿದವರು. ಅವರ ಸಭೆಗಳು 1947ರಲ್ಲಿ ದಕ್ಷಿಣ ಭಾರತದ ಐಕ್ಯಸಭೆಯಲ್ಲಿ ಸೇರಿದವು.

ಇಲ್ಲೊಂದು ಆಕ್ಷೇಪಣೆ ಸಹಜವಾಗಿ ಬರುತ್ತದೆ. ಪರಲೋಕವು ಕೈಸೇರಿತೆಂದು ತಿಳಿದವನು ಸನ್ಮಾರ್ಗವನ್ನು ಏಕೆ ಹಿಡಿದಾನು? ವೆಸ್ಲಿ ಇದಕ್ಕೆ ಎರಡು ಸಾಕ್ಷಿಗಳನ್ನು ಕೂಡಿಸಿ ಸಮಾಧಾನ ಹೇಳಿದನು. ಪವಿತ್ರಾತ್ಮನು ಅಂತರಂಗದಲ್ಲಿ ನುಡಿಯುವುದು ಒಂದು. ಪ್ರೀತಿ, ಶಾಂತಿ, ಸದಾಚಾರಗಳೆಂಬ ಫಲ ಬಾಳಿನಲ್ಲಿ ಕಾಣುವುದು ಇನ್ನೊಂದು. ಎರಡನೆಯದಿಲ್ಲದೆ ಮೊದಲನೆಯದನ್ನು ಹೇಳಿಕೊಳ್ಳುವವನು ತನ್ನನ್ನೇ ವಂಚಿಸಿಕೊಳ್ಳುತ್ತಾನೆ. ಇಂದಿನ ನಿಶ್ಚಯವನ್ನು ನಾಳೆ ಕಳೆದುಕೊಳ್ಳಬಹುದೆಂದೂ ಅವನು ಎಚ್ಚರಿಸಿದನು. ಕ್ಯಾಲ್ವಿನನ ಮಾರ್ಗದವರಾದರೋ, ದೇವರು ಆರಿಸಿಕೊಂಡವನು ಕಡೆಯವರೆಗೂ ಕೈಬಿಟ್ಟುಹೋಗನೆನ್ನುತ್ತಾರೆ. ಆದರೂ 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣವು, ನಿಜವಾದ ಭಕ್ತನೂ ಈ ನಿಶ್ಚಯಕ್ಕಾಗಿ ಬಹುಕಾಲ ಕಾಯಬೇಕಾಗಬಹುದೆಂದು ಒಪ್ಪಿಕೊಂಡಿದೆ.

ಈ ಒಪ್ಪಿಗೆ ಎಷ್ಟು ಅವಶ್ಯವೆಂಬುದನ್ನು ವಿಲಿಯಂ ಕೂಪರ್ ಕವಿಯ ಬಾಳು ತೋರಿಸುತ್ತದೆ. ಆತನು ಆಲ್ನಿ ಎಂಬ ಊರಿನಲ್ಲಿ ಜಾನ್ ನ್ಯೂಟನ್ ಪಾದ್ರಿಯ ನೆರೆಯಲ್ಲಿದ್ದನು. ಇಬ್ಬರ ಭಕ್ತಿಗೀತೆಗಳೂ 1779ರಲ್ಲಿ ಒಂದೇ ಪುಸ್ತಕವಾಗಿ ಹೊರಬಂದವು. ಗುಲಾಮರನ್ನು ಸಾಗಿಸುವ ಹಡಗಿಗೆ ಕಪ್ತಾನನಾಗಿದ್ದ ನ್ಯೂಟನ್ನನಿಗೆ ಕ್ಷಮೆಯ ನಿಶ್ಚಯವಿತ್ತು. ಅಂತಹ ಅಪರಾಧವನ್ನೆಸಗದ ಕೂಪರನಿಗಾದರೋ 1773ರಲ್ಲಿ ಚಿತ್ತರೋಗ ಮರುಕಳಿಸಿ, ದೇವರು ತನ್ನೊಬ್ಬನನ್ನು ತಳ್ಳಿಬಿಟ್ಟನೆಂಬ ಭಾವನೆ ನಟ್ಟುಹೋಯಿತು. 1800ರಲ್ಲಿ ಸಾಯುವವರೆಗೂ ಅದು ಅವನನ್ನು ಪೂರ್ತಿಯಾಗಿ ಬಿಟ್ಟುಹೋಗಲಿಲ್ಲ. ಅವನ ಗೀತೆಗಳು ಸಾವಿರಾರು ಜನರಿಗೆ ಧೈರ್ಯವನ್ನಿತ್ತವು. ಬರೆದವನಿಗೆ ಮಾತ್ರ ಅದು ದಕ್ಕಲಿಲ್ಲ. ನಿಶ್ಚಯವೆಂಬ ಮನೋಭಾವವೇ ರಕ್ಷಣೆಯೆನ್ನುವುದಾದರೆ ಇಂಥವನ ಗತಿಯೇನು? ವಯಸ್ಸು ಮಾಗಿದ ಮೇಲೆ ವೆಸ್ಲಿಯೂ, ನಿಶ್ಚಯವಿಲ್ಲದವನು ದೇವರಿಗೆ ಬೇಡವಾದವನೆಂದು ಎಣಿಸಬಾರದೆಂದು ತನ್ನ ಬೋಧೆಯನ್ನು ಸಡಿಲಿಸಿದನು.

ಹಳೆಯ ವಿವಾದವೂ ಇಂದು ಬಹುಮಟ್ಟಿಗೆ ಶಮನಗೊಂಡಿದೆ. 1999ರ ಅಕ್ಟೋಬರ್ 31ರಂದು ಲೂಥರನ್ ಸಭೆಗಳ ವಿಶ್ವಸಂಘದವರೂ ಕ್ಯಾಥೊಲಿಕ್ ಧರ್ಮಸಭೆಯವರೂ ಆಗ್ಸ್‌ಬರ್ಗ್ ನಗರದಲ್ಲಿ ಒಂದು ಸಂಯುಕ್ತ ಘೋಷಣೆಗೆ ಸಹಿ ಹಾಕಿದರು. 2006ರಲ್ಲಿ ಮೆಥಡಿಸ್ಟರೂ ಅದನ್ನು ಅನುಮೋದಿಸಿದರು. ಮನುಷ್ಯನು ತನ್ನನ್ನು ನೋಡಿಕೊಂಡರೆ ಅಂಜಲು ಕಾರಣವುಂಟು, ದೇವರ ವಾಗ್ದಾನವನ್ನು ನೋಡಿದರೆ ನೆಚ್ಚಲು ಕಾರಣವುಂಟು ಎಂಬುದರಲ್ಲಿ ಎರಡು ಪಕ್ಷದವರೂ ಕೂಡಿದ್ದಾರೆ.

ಆದುದರಿಂದ ಕ್ರೈಸ್ತನೊಬ್ಬನು ತಾನು ಪರಲೋಕವನ್ನು ಸೇರುವೆನೆಂದು ಹೇಳಿದರೆ ಅದನ್ನು ಅಹಂಕಾರದ ಮಾತೆಂದು ಕೂಡಲೇ ತಳ್ಳಬೇಕಾಗಿಲ್ಲ. ಅವನು ತನ್ನ ಗುಣವನ್ನು ಹೊಗಳಿಕೊಳ್ಳುತ್ತಿಲ್ಲ. ತನ್ನನ್ನು ಹಿಡಿದಿರುವ ಕೈಯನ್ನು ನೆನೆಯುತ್ತಿದ್ದಾನೆ. ಹಾಗೆ ಹೇಳಲಾರದೆ ಅಳುಕುವವನನ್ನೂ ಅವಿಶ್ವಾಸಿಯೆನ್ನಬೇಕಾಗಿಲ್ಲ. ಮಗುವಿನ ಹಿಡಿತ ಸಡಿಲವಾಗಿದ್ದರೂ ತಾಯಿಯ ಹಿಡಿತ ಬಿಗಿಯಾಗಿರಬಹುದಷ್ಟೆ.