ಗಿಡದ ಗುರುತು ಉಳಿಸುವ ಕುಂಚ

ಹೊರ್ತಿ: ಗಿಡದ ಚಿತ್ರ ಬರೆದರೆ ಹೊಟ್ಟೆ ತುಂಬೀತೇನ್ರೀ ಎಂದು ಕೇಳುವವರು ನಮ್ಮಲ್ಲಿ ಬಹಳ. ಅಂಥವರು ಬೆಂಗಳೂರಿನ ಕಲಾವಿದೆ ನಿರುಪಾ ರಾವ್ ಅವರ ಕೆಲಸವನ್ನೊಮ್ಮೆ ನೋಡಬೇಕು.

ಓದಿದ್ದು ಸಮಾಜಶಾಸ್ತ್ರ, ಹಿಡಿದದ್ದು ಜಲವರ್ಣ. ಪಶ್ಚಿಮ ಘಟ್ಟದ ಮರಗಳನ್ನು ಕುರಿತ 'ಪಿಲ್ಲರ್ಸ್ ಆಫ್ ಲೈಫ್' ಪುಸ್ತಕ 2018ರಲ್ಲಿ ಬಂತು. ಬರಹ ದಿವ್ಯಾ ಮುದ್ದಪ್ಪ ಮತ್ತು ಟಿ. ಆರ್. ಶಂಕರ ರಾಮನ್ ಅವರದು, ಚಿತ್ರ ಇವರದು. ಘಟ್ಟದ ವಿಚಿತ್ರ ಸಸ್ಯಗಳ 'ಹಿಡನ್ ಕಿಂಗ್‌ಡಮ್' 2019ರಲ್ಲಿ ಹೊರಬಂತು.

ಕ್ಯಾಮೆರಾ ಇರುವಾಗ ಕುಂಚ ಯಾಕೆ ಅನ್ನಬಹುದು. ದಟ್ಟ ಕಾಡಿನಲ್ಲಿ ಬುಡದಿಂದ ತುದಿತನಕ ಒಂದು ಮರ ಫೋಟೋಕ್ಕೆ ಸಿಗುವುದು ಕಷ್ಟ. ಸುತ್ತಲಿನ ಗಿಡಗಳು ಅಡ್ಡ ಬರುತ್ತವೆ. ಹೂವು ಒಂದು ತಿಂಗಳಾದರೆ ಕಾಯಿ ಇನ್ನೊಂದು ತಿಂಗಳು. ಚಿತ್ರಕಾರರು ಇವನ್ನೆಲ್ಲ ಒಂದೇ ಹಾಳೆಗೆ ತರಬಲ್ಲರು. ಆದರೆ ಎಲೆಯ ನರವೊಂದು ತಪ್ಪಿದರೂ ಗಿಡದ ಗುರುತೇ ತಪ್ಪೀತು.

ಘಟ್ಟದ ಕಾಡಿಗೆ ಈ ಭಾಗ್ಯ ಬಂತು, ನಮ್ಮ ಬಯಲಿಗೆ? ಇಂಡಿ ನಿಂಬೆಗೆ 2023ರಲ್ಲಿ ಜಿ.ಐ. ಮಾನ್ಯತೆ ಸಿಕ್ಕಿತು, ಸಂತೋಷ. ಪೇಟೆಯಲ್ಲಿ ಬೆಲೆಯಿದ್ದದ್ದರ ಹೆಸರು ಹೇಗೂ ಉಳಿಯುತ್ತದೆ. ಬದುವಿನ ತಂಗಡಿ, ಕಾರೆ, ಲಕ್ಕಿಗಳ ಗತಿ? ವಿಜಯಪುರ-ಸೊಲ್ಲಾಪುರ ರಸ್ತೆಯ ಬಸ್ಸಿನಲ್ಲಿ ಕುಳಿತ ಹುಡುಗರನ್ನು ಕೇಳಿ ನೋಡ್ರಿ, ಕಿಟಕಿಯಾಚೆ ಕಾಣುವುದೆಲ್ಲ ಬರೇ 'ಗಿಡ'.

ಡ್ರಾಯಿಂಗ್ ಮಾಸ್ತರರು ವಾರಕ್ಕೊಂದು ತಾಸು ಮಕ್ಕಳನ್ನು ಹೊಲದ ಬದುವಿಗೆ ಕರೆದೊಯ್ಯಲಿ. ನಾಲ್ಕು ಹಾಳೆ, ಒಂದು ಬಣ್ಣದ ಪೆಟ್ಟಿಗೆ ಸಾಕು. ಅಂಗಡಿಕಾರರು ಮನಸ್ಸು ಮಾಡಿದರೆ ಅಷ್ಟು ಖರ್ಚು ಭಾರವಲ್ಲ. ಹೆಸರೇ ಗೊತ್ತಿಲ್ಲದ ಗಿಡಕ್ಕೆ ಕೊಡಲಿ ಬಿದ್ದರೆ ಕೇಳುವವರು ಯಾರು?