ಏಳು ಮಂದಿಯ ಆಟ, ಊರಿನ ಮೈದಾನ

ಕೊಡಗು ಎಂದೊಡನೆ ನಮಗೆ ನೆನಪಾಗುವ ಆಟ ಹಾಕಿ. ಅದು ಸಹಜವೂ ಹೌದು. ಆದರೆ ಸುಂಟಿಕೊಪ್ಪದಿಂದ ನೆಲ್ಯಹುದಿಕೇರಿ, ಸಿದ್ದಾಪುರದ ಕಡೆಗೆ ಹೊರಟವರಿಗೆ ಬೇರೆಯೇ ಒಂದು ಕೊಡಗು ಎದುರಾಗುತ್ತದೆ. ನೆಲ್ಯಹುದಿಕೇರಿ ಕಾವೇರಿಯ ದಡದ ಊರು. ಸೇತುವೆ ದಾಟಿದರೆ ಸಿದ್ದಾಪುರ, ತಾಲ್ಲೂಕೂ ಬದಲಾಗುತ್ತದೆ. ಕಾಫಿ ತೋಟಗಳ ಕಾರ್ಮಿಕರು, ಮಲಬಾರಿನಿಂದ ಬಂದು ನೆಲೆಸಿದವರು, ಸಣ್ಣ ವ್ಯಾಪಾರಿಗಳು ಕೂಡಿ ಬಾಳುವ, ಕನ್ನಡ, ಮಲಯಾಳ, ತಮಿಳು ಒಂದೇ ಅಂಗಡಿಯ ಕಟ್ಟೆಯ ಮೇಲೆ ಕೇಳಿಬರುವ ಸೀಮೆಯಿದು. ಇಲ್ಲಿನ ಹುಡುಗರ ಆಟ ಕಾಲ್ಚೆಂಡು. ಹಾಕಿಗೆ ಆಡುವ ಪ್ರತಿಯೊಬ್ಬನ ಕೈಯಲ್ಲೂ ಒಂದು ಕೋಲು ಬೇಕು. ಕಾಲ್ಚೆಂಡಿಗೆ ಊರಿಗೊಂದು ಚೆಂಡು ಸಾಕು. ಲೈನ್ ಮನೆಗಳ ಮಕ್ಕಳಿಗೆ ಈ ವ್ಯತ್ಯಾಸ ಚಿಕ್ಕದಲ್ಲ.

ಆಡುವ ಕ್ರಮವೂ ಮಲಬಾರಿನದೇ. ತಂಡಕ್ಕೆ ಹನ್ನೊಂದಲ್ಲ, ಏಳು ಮಂದಿ. ಗುಡ್ಡಗಾಡಿನಲ್ಲಿ ನೂರು ಮೀಟರ್ ಉದ್ದದ ಸಮತಟ್ಟು ನೆಲ ಎಲ್ಲಿಂದ ಬರಬೇಕು? ಇದ್ದಷ್ಟು ಜಾಗಕ್ಕೆ ಆಟವನ್ನು ಹೊಂದಿಸಿಕೊಂಡ ಜಾಣ್ಮೆ ಇದು. ಕಾಲವೂ ತೋಟದ ಲೆಕ್ಕದ್ದೇ. ರೋಬಸ್ಟಾ ಕೊಯ್ಲು ಮುಗಿದು, ಶಾಲೆಗಳಿಗೆ ರಜೆ ಬಂದು, ಜೂನ್ ತಿಂಗಳ ಮಳೆ ಹಿಡಿಯುವುದರೊಳಗೆ ಪಂದ್ಯಾವಳಿಗಳು ನಡೆದುಹೋಗಬೇಕು.

ಹಲವು ವರ್ಷಗಳ ಹಿಂದೆ ಆ ಜಿಲ್ಲೆಯಲ್ಲಿ ಸೇವೆಯಲ್ಲಿದ್ದಾಗ ಇಂಥದೊಂದು ಸಂಘದ ಲೆಕ್ಕದ ಪುಸ್ತಕ ನೋಡುವ ಅವಕಾಶ ನನಗೆ ದೊರೆತಿತ್ತು. ಸಂಘವನ್ನು ನೋಂದಾಯಿಸಲು 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದ ಪ್ರಕಾರ ಕನಿಷ್ಠ ಏಳು ಮಂದಿ ಬೇಕು. ಹನ್ನೊಂದು ಮಂದಿಯ ಆಟದಲ್ಲಿಯೂ ತಂಡದಲ್ಲಿ ಏಳಕ್ಕಿಂತ ಕಡಿಮೆ ಜನ ಉಳಿದರೆ ಪಂದ್ಯ ನಡೆಯುವಂತಿಲ್ಲ. ಈ ಏಳರ ನಂಟನ್ನು ಕಂಡು ಅಂದು ನಾನು ನಕ್ಕದ್ದುಂಟು. ಪುಸ್ತಕದಲ್ಲಿದ್ದ ಬಾಬತ್ತುಗಳು ಇಷ್ಟೇ: ಚೆಂಡು, ಬಲೆ, ಗೆರೆ ಎಳೆಯಲು ಸುಣ್ಣದ ಪುಡಿ, ಧ್ವನಿವರ್ಧಕದ ಬಾಡಿಗೆ, ರೆಫರಿಯ ಬಸ್ ಖರ್ಚು ಮತ್ತು ಊಟ. ಸದಸ್ಯತ್ವ ಶುಲ್ಕದಿಂದ ಬಂದ ಹಣ ಎರಡು ಚೆಂಡಿಗೂ ಸಾಲುತ್ತಿರಲಿಲ್ಲ. ಉಳಿದುದೆಲ್ಲ ವರ್ಷಕ್ಕೊಮ್ಮೆ ನಡೆಸುವ ಪಂದ್ಯಾವಳಿಯಿಂದ, ಅಂದರೆ ತಂಡಗಳ ಪ್ರವೇಶ ಶುಲ್ಕ ಮತ್ತು ಅಂಗಡಿಯವರ, ತೋಟದ ಮಾಲೀಕರ ದೇಣಿಗೆಯಿಂದ ಬರಬೇಕಾಗಿತ್ತು.

ನನ್ನ ಮಟ್ಟಿಗೆ ತೊಡಕು ಶುರುವಾಗುವುದೇ ಇಲ್ಲಿ. ಸಂಘ ಬದುಕಲು ಪಂದ್ಯಾವಳಿ ಬೇಕು. ಪಂದ್ಯಾವಳಿಗೆ ಜನ ಸೇರಲು ದೊಡ್ಡ ನಗದು ಬಹುಮಾನ ಬೇಕು. ಬಹುಮಾನ ದೊಡ್ಡದಾದಂತೆ ಗೆಲ್ಲುವ ಹಟವೂ ಬೆಳೆದು, ಒಂದೆರಡು ದಿನದ ಮಟ್ಟಿಗೆ ಹೊರಗಿನ ಆಟಗಾರರನ್ನು ಹಣ ಕೊಟ್ಟು ಕರೆತರುವ ಪದ್ಧತಿ ಬರುತ್ತದೆ. ಮಲಬಾರಿನ ಸೆವೆನ್ಸ್ ಪಂದ್ಯಗಳಿಗೆ ಆಫ್ರಿಕಾದಿಂದ ಆಟಗಾರರು ಬರುವುದು ಈಗ ಹೊಸ ಸುದ್ದಿಯೇನಲ್ಲ. ಪ್ರೇಕ್ಷಕರಿಗೆ ಒಳ್ಳೆಯ ಆಟ ಸಿಗುತ್ತದೆ, ಒಪ್ಪೋಣ. ಆದರೆ ವರ್ಷವಿಡೀ ಸಂಜೆ ಅಭ್ಯಾಸ ಮಾಡಿದ ಊರಿನ ಹುಡುಗ ಆ ದಿನ ನೀರಿನ ಬಾಟಲಿ ಹಿಡಿದು ಗೆರೆಯಾಚೆ ನಿಲ್ಲುತ್ತಾನೆ. ಸಂಘ ಹುಟ್ಟಿದ್ದು ಯಾರಿಗಾಗಿ ಎಂದು ಕೇಳುವ ಧೈರ್ಯ ಮಾತ್ರ ಯಾವ ವಾರ್ಷಿಕ ಸಭೆಗೂ ಬರುವುದಿಲ್ಲ.

ಇದಕ್ಕೆ ಉತ್ತರ ಹುಡುಕಲು ಜಿಲ್ಲೆಯಿಂದ ಹೊರಗೆ ಹೋಗಬೇಕಾಗಿಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ಹಾಕಿ ಉತ್ಸವವನ್ನು ಆರಂಭಿಸಿದಾಗ 60 ಕುಟುಂಬಗಳು ಆಡಿದವು. 2024ರಲ್ಲಿ ನಾಪೋಕ್ಲುವಿನಲ್ಲಿ ಆಡಿದ ತಂಡಗಳ ಸಂಖ್ಯೆ 360. ಅಲ್ಲಿ ಆಡಲು ಆಯಾ ಕುಟುಂಬಕ್ಕೆ ಸೇರಿದವರಾಗಿರಬೇಕು. ಆಟಗಾರರನ್ನು ಕೊಂಡು ತರುವಂತಿಲ್ಲ. ಆದ್ದರಿಂದಲೇ ಒಲಿಂಪಿಕ್ಸ್‌ನಲ್ಲಿ ಆಡಿದವನ ಪಕ್ಕದಲ್ಲಿ ಅವನ ಚಿಕ್ಕಪ್ಪನೂ, ಶಾಲೆಗೆ ಹೋಗುವ ತಂಗಿಯೂ ಕೋಲು ಹಿಡಿದು ಓಡುವುದು ಸಾಧ್ಯವಾಯಿತು. ಕಾಲ್ಚೆಂಡು ಸಂಘಗಳಿಗೆ ಕುಲದ ನಿಯಮ ಹೊಂದದು, ಹೊಂದಬಾರದು ಕೂಡ. ಆದರೆ ಏಳರಲ್ಲಿ ನಾಲ್ವರಾದರೂ ಆಯಾ ಪಂಚಾಯಿತಿ ವ್ಯಾಪ್ತಿಯಲ್ಲಿ ವಾಸಿಸುವವರಾಗಿರಬೇಕೆಂಬ ಒಂದು ಕಟ್ಟಳೆಯನ್ನು ಸಂಘಗಳೇ ಕೂಡಿ ಮಾಡಿಕೊಂಡರೆ ತಡೆಯುವವರು ಯಾರು? ಒಂದೇ ಸಂಘ ಮಾಡಿದರೆ ಅದು ಸೋಲುತ್ತದೆ, ಅದರ ಪಂದ್ಯಾವಳಿಗೆ ಜನರೂ ಬರುವುದಿಲ್ಲ. ಎಲ್ಲವೂ ಒಟ್ಟಾಗಿ ಮಾಡಬೇಕು. ಸಾಮೂಹಿಕ ಕ್ರಿಯೆಯ ಈ ತೊಡಕನ್ನೇ ಮ್ಯಾನ್‌ಕರ್ ಓಲ್ಸನ್ ಎಂಬ ಅರ್ಥಶಾಸ್ತ್ರಜ್ಞ 1965ರಷ್ಟು ಹಿಂದೆಯೇ ಪುಸ್ತಕ ಮಾಡಿ ವಿವರಿಸಿದ್ದಾನೆ.

ಇನ್ನು ಮೈದಾನದ ಮಾತು. ಸುಂಟಿಕೊಪ್ಪದಲ್ಲಿ ಬ್ಲೂ ಬಾಯ್ಸ್ ಯುವಕ ಸಂಘ ನಡೆಸಿಕೊಂಡು ಬಂದಿರುವ ಡಿ. ಶಿವಪ್ಪ ಸ್ಮಾರಕ ಪಂದ್ಯಾವಳಿಗೆ ಆಸರೆಯಾದದ್ದು ಸರ್ಕಾರಿ ಶಾಲೆಯ ಮೈದಾನ. ಸ್ವಂತ ನೆಲವುಳ್ಳ ಹಳ್ಳಿಯ ಸಂಘಗಳು ಎಲ್ಲಿಯೂ ವಿರಳ. ಶಾಲೆಯ ಅಂಗಳ, ತೋಟದ ಮಾಲೀಕರು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ತುಣುಕು, ಇಲ್ಲವೇ ಕಂದಾಯ ಕಡತಗಳಲ್ಲಿ ಪೈಸಾರಿ ಎಂದಿರುವ ಸರ್ಕಾರಿ ಜಮೀನು, ಇವೇ ಗತಿ. ಮುಖ್ಯೋಪಾಧ್ಯಾಯರು ಬದಲಾದರೆ, ತೋಟ ಕೈಬದಲಾದರೆ, ಆಟ ನಿಂತಿತು.

2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ನೆಲ್ಯಹುದಿಕೇರಿಯ ನದಿದಡದ ಮನೆಗಳನ್ನು ಕೆಡವಿದಾಗ ಮೊದಲು ಬೇಕಾದದ್ದು ಸೂರು. ಆಗ ಮೈದಾನದ ಮಾತೆತ್ತುವುದು ಅವಿವೇಕವೇ ಆಗುತ್ತಿತ್ತು. ಆದರೆ ಪುನರ್ವಸತಿ ಬಡಾವಣೆಯ ನಕ್ಷೆ ಬರೆಯುವ ಹೊತ್ತಿಗೆ ಆ ಮಾತು ಬರಲೇಬೇಕು. ನಿವೇಶನ, ರಸ್ತೆ, ಚರಂಡಿಗಳನ್ನು ಗುರುತಿಸಿದ ಮೇಲೆ ಮಕ್ಕಳಿಗೆಂದು ಬಿಡುವ ತುಂಡು ಎಷ್ಟೋ ಸಲ ಇಳಿಜಾರಿನಲ್ಲಿರುತ್ತದೆ. ಇಳಿಜಾರಿನಲ್ಲಿ ಚೆಂಡು ನಿಲ್ಲುವುದಿಲ್ಲವೆಂದು ನಕ್ಷೆ ಬರೆಯುವವರಿಗೆ ಯಾರಾದರೂ ಹೇಳಬೇಕು.

2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಸನ್ಮಾನಗಳಾದವು, ಆಗಬೇಕಾದದ್ದೇ. ಅಂಥ ಗೆಲುವಿನ ಬೆನ್ನಿಗೆ ಸಾಮಾನ್ಯವಾಗಿ ಕೇಳಿಬರುವುದು ಕ್ರೀಡಾಂಗಣದ ಬೇಡಿಕೆ. ಜಿಲ್ಲಾ ಕೇಂದ್ರದ ಸಿಮೆಂಟು ಮೆಟ್ಟಿಲುಗಳು ಹಳ್ಳಿಯ ಹುಡುಗನಿಗೆ ದೂರ. 1964ರ ಭೂಕಂದಾಯ ಅಧಿನಿಯಮದ 71ನೇ ಪ್ರಕರಣದಡಿ ಸರ್ಕಾರಿ ಜಮೀನನ್ನು ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸಲು ಅವಕಾಶವಿದೆ. ಸ್ಮಶಾನಕ್ಕೆ, ಅಂಗನವಾಡಿಗೆ ಜಾಗ ಕಾಯ್ದಿರಿಸುವಂತೆ ಆಟದ ಮೈದಾನಕ್ಕೂ ಕಾಯ್ದಿರಿಸಿ ಪಹಣಿಯಲ್ಲಿ ನಮೂದಿಸಿದರೆ, ಮುಂದೆ ಯಾರೂ ಅದನ್ನು ಸುಲಭವಾಗಿ ಕಿತ್ತುಕೊಳ್ಳಲಾಗದು. ಖರ್ಚು, ಒಂದು ಸರ್ವೆ ಮತ್ತು ಕೆಲವು ಸಹಿ. ಅರ್ಜಿಯನ್ನು ಗ್ರಾಮಸಭೆಯ ಠರಾವಿನೊಂದಿಗೆ ತಹಸೀಲ್ದಾರರಿಗೆ ಕೊಡಬೇಕು; ಸಂಘದ ನೋಂದಣಿ ಪತ್ರ, ಲೆಕ್ಕ ಪರಿಶೋಧನೆಯಾದ ಮೂರು ವರ್ಷಗಳ ವರದಿ ಜೊತೆಗಿದ್ದರೆ ಕಡತಕ್ಕೆ ತೂಕ ಬರುತ್ತದೆ.